ಲಂಕಾಕ್ಕ ಹೊಂಟ ಚಾದಂಗಡಿ

ನಮ್ಮ ಅಣ್ಣಿಗೇರಿ ಮಂದಿಗೆ ಪರದೇಶಕ್ಕೆ ಹೋಗಲು ಒಂದು ಬೆಂಚು, ಒಂದು ಕಪ್ ಚಾ ಇದ್ದರೆ ಸಾಕು. ವಾರಕ್ಕೊಬ್ಬರಾದರೂ ಹೋಗಿ, ಚಾ ಆರುವುದರೊಳಗೆ ತಿರುಗಿ ಬಂದಿರುತ್ತಾರೆ. ನಾನು ಎಂಟನೆಯ ಇಯತ್ತೆಯಲ್ಲಿ ಎರಡು ಸಲ ಕೂತರೂ ಸಾಲಿ ನನ್ನನ್ನು ಮುಂದಕ್ಕೆ ಕಳಿಸಲಿಲ್ಲ. ಆಮೇಲೆ ನಾನು ಹೋಗಿ ಕೂತದ್ದು ಸ್ಟೇಶನ್ ದಾರಿಯ ಚಾದಂಗಡಿಯಲ್ಲಿ. ಅಲ್ಲಿ ಯಾರೂ ನಪಾಸಾಗುವುದಿಲ್ಲ.

೧. ಸುಟ್ಟ ಊರು

ಆ ವರ್ಷ ಹುಬ್ಬಳ್ಳಿಯ ಚಾಪುಡಿ ವ್ಯಾಪಾರಿಯೊಬ್ಬ ಅಂಗಡಿ ನಡೆಸುವ ಕಾಕಾನಿಗೆ ಕ್ಯಾಲೆಂಡರ್ ಕೊಟ್ಟ. ಅದರಲ್ಲಿ ದೇವರ ಚಿತ್ರವಿರಲಿಲ್ಲ. ನೀಲಿ ಸಮುದ್ರ, ಸಕ್ಕರೆಯಂಥ ಉಸುಕು, ನೀರಿನ ಕಡೆ ಬಾಗಿದ ಒಂದು ತೆಂಗಿನ ಗಿಡ, ಅದರ ಹಿಂದೆ ಮಾಳಿಗೆಯಿಲ್ಲದೆ ನಿಂತ ಕಲ್ಲುಕಂಬಗಳ ಸಾಲು. ಕಾಕಾ ಅದನ್ನು ಒಲೆಯ ಮೇಲಿನ ಗೋಡೆಗೆ ತೂಗುಹಾಕಿದ.

ಕಾಕಾನ ಹೆಂಡತಿ, ನಮ್ಮೆಲ್ಲರ ಕಾಕಿ, ಹಾಲು ಕಾಯಿಸುತ್ತಿದ್ದವಳು ತಲೆಯೆತ್ತಿ ನೋಡಿದಳು. ಮದುವೆಯಾಗಿ ನವಲಗುಂದದಿಂದ ಇಲ್ಲಿಗೆ ಬಂದದ್ದೇ ಅವಳ ದೊಡ್ಡ ಪ್ರವಾಸ. ಹಾಲು ಉಕ್ಕಿ ಒಲೆಯೊಳಗೆ ಇಳಿಯಿತು, ಅವಳಿಗೆ ಗೊತ್ತೇ ಆಗಲಿಲ್ಲ. ಯಾವೂರಲೇ ಇದು ಎಂದು ನನ್ನನ್ನು ಕೇಳಿದಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವವನು ಅಲ್ಲಿ ನಾನೊಬ್ಬನೇ. ಶ್ರೀಲಂಕಾ ಎಂದೆ.

ಬೆಂಚಿನ ಮೂಲೆಯಲ್ಲಿ ಮುಂಜಾನೆ ಕೂತರೆ ಸಂಜೆಗೇ ಏಳುವ ಅಜ್ಜನೊಬ್ಬನಿದ್ದ. ಅವನು ಕಂಬಗಳನ್ನು ದಿಟ್ಟಿಸಿ ತೀರ್ಪು ಕೊಟ್ಟ. ಹನುಮಪ್ಪ ಸುಟ್ಟ ಊರು ಇದು, ಮಾಳಿಗೆಯೆಲ್ಲ ಉರಿದು ಕಂಬ ಅಷ್ಟೇ ಉಳಿದಿವೆ, ಇನ್ನೂ ರಿಪೇರಿ ಆಗಿಲ್ಲ ಎಂದ. ಸುಟ್ಟಿದ್ದರೆ ಕರ್ರಗೆ ಇರಬೇಕಿತ್ತಲ್ಲ, ಇವು ಬೆಳ್ಳಗಿವೆಯಲ್ಲ ಎಂದು ನಾನು ಕೆಣಕಿದೆ.

"ಸುಣ್ಣಾ ಹಚ್ಚ್ಯಾರಲೇ ಹುಚ್ಚ," ಎಂದ ಅಜ್ಜ. "ಫೋಟೋ ತಗ್ಯಾಕ ಬರ್ತೀವಂತ ಮೊದಲ ಹೇಳಿ ಕಳಸಿರ್ತಾರ."

೨. ಬಿಸಿಲು ನೋಡಾಕ

ಕಾಕಿಗೆ ಅಂದಿನಿಂದ ಲಂಕಾದ ಗುಂಗು ಹಿಡಿಯಿತು. ಒಮ್ಮೆಯಾದರೂ ಸಮುದ್ರ ನೋಡಬೇಕು, ಬೇರೇನೂ ಬೇಡ ಎಂದಳು. ಉರಿಯುವ ಒಲೆಗೆ ನಾನು ಇನ್ನೊಂದು ಕಟ್ಟಿಗೆ ಹಾಕಿದೆ. ಚಿತ್ರದ ಕೆಳಗಿನ ಸಣ್ಣ ಅಕ್ಷರವನ್ನು ಅರ್ಧ ಓದಿ, ಅರ್ಧ ಹುಟ್ಟಿಸಿ ಹೇಳಿದೆ: ಇಲ್ಲಿ ವರ್ಷವೆಲ್ಲ ಬಿಸಿಲು, ಹಳೇ ಅರಮನೆ ಬಿದ್ದಾವ, ದಣಿದವರು ಬಂದು ಉಸುಕಿನ ಮೇಲೆ ಅಡ್ಡಾಗ್ರಿ.

ಕಾಕಾ ಹೊಟ್ಟೆ ಹಿಡಿದು ನಕ್ಕ. ಬಿಸಿಲು ನೋಡಲು ಯಾರಾದರೂ ಊರು ಬಿಡುತ್ತಾರೆಯೇ, ನಮ್ಮ ಒಲೆಯ ಮುಂದೆ ನಿಂತರೆ ಪುಕ್ಕಟೆ ಸಿಗುತ್ತದೆ ಎಂದ. ಬಿದ್ದ ಗೋಡೆ ನೋಡಬೇಕೆಂದರೆ ಹಿತ್ತಲಿಗೆ ಹೋಗು, ನಮ್ಮದೂ ಮಳೆಗೆ ಬಿದ್ದಿದೆ, ಎಷ್ಟು ಬೇಕಾದರೂ ನೋಡು ಎಂದ.

ಕಾಕಿ ಕಪ್-ಬಸಿ ತೊಳೆಯುತ್ತಲೇ ಅಂದಳು, "ಅದನ್ನ ದಿನಾ ನೋಡಾಕತ್ತೇನ್ರಿ. ಅದನ್ನರ ಕಟ್ಟಸ್ರಿ, ಇಲ್ಲಾ ಬ್ಯಾರೇದರ ತೋರಸ್ರಿ."

೩. ಸೇತುವೆ

ಗದಗಿನ ಗಾಡಿ ಹೋದ ಮೇಲೆ ಸ್ಟೇಶನ್ ದಾರಿ ನಿದ್ದೆ ಹೋಗುತ್ತದೆ. ಆ ಹೊತ್ತಿನಲ್ಲಿ ಚಾ ಕುದಿಯುವ ಪಾತೇಲಿಯ ಉಗಿ ಕ್ಯಾಲೆಂಡರಿನ ಮುಂದೆ ಸುಳಿಯುತ್ತಿದ್ದರೆ ಸಮುದ್ರದ ಮೇಲೆ ಮೋಡ ಹೋದಂತೆ ಕಾಣುತ್ತಿತ್ತು. ತೆಂಗಿನ ಗರಿ ಅಲುಗಿತೇನೋ ಅನ್ನಿಸುತ್ತಿತ್ತು. ನಾವೆಲ್ಲ ಆ ಉಸುಕಿನ ಮೇಲೇ ಇರುತ್ತಿದ್ದೆವು.

ಒಂದಿನ ಕಾಕಿ ಗಲ್ಲಕ್ಕೆ ಕೈಕೊಟ್ಟು, ಆ ನೀರು ಎಲ್ಲಿ ಮುಗಿಯುತ್ತದೆ ಎಂದು ಕೇಳಿದಳು. ಎಲ್ಲೂ ಮುಗಿಯುವುದಿಲ್ಲವಂತೆ ಎಂದೆ. ಅವಳು ಗಲ್ಲದ ಮೇಲಿನ ಕೈ ತೆಗೆದಳು. "ಹಂಗಾರ ಬದುವಿನ ಸಲವಾಗಿ ಜಗಳಾನ ಇಲ್ಲೇನಲೇ ಅಲ್ಲೆ?"

ದಾರಿ ಹೇಳುವುದು ಅಜ್ಜನ ಪಾಲಿನ ಕೆಲಸ. ಹುಬ್ಬಳ್ಳಿತನಕ ರೈಲು, ಅಲ್ಲಿಂದ ಕೇಳಿಕೋತ ಕೇಳಿಕೋತ ರಾಮೇಶ್ವರ, ಅಲ್ಲಿಂದ ಮುಂದೆ ನಡಿಗೆ, ಸೇತುವೆ ಹೇಗೂ ಕಟ್ಟಿಟ್ಟಿದ್ದಾರಲ್ಲ. ಕಾಕಾನದು ಭಾರದ ಮೈ. ಹೋಗುವುದೇ ಇಲ್ಲ ಎನ್ನುತ್ತಿದ್ದವನು ಅದನ್ನು ಮರೆತು, ಮಂಗ್ಯಾಗಳು ಕಟ್ಟಿದ ಸೇತುವೆ ತನ್ನ ಭಾರ ತಾಳೀತೇ ಎಂದು ಕೇಳಿಬಿಟ್ಟ. ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಮೊದಲ ಈ ಮಂಗ್ಯಾನ್ನ ಬಿಡೂಣು. ಇದು ದಾಟಿದ್ರ ನೀವು ಹೋಗ್ರಿ. ಮುಳಗಿದ್ರ ಊರಿಗೆ ಒಳ್ಳೇದಾತು."

೪. ರುಚಿ

ಇಷ್ಟೆಲ್ಲ ಆದರೂ ಅಂಗಡಿ ಮುಚ್ಚುವುದಿಲ್ಲ ಎಂಬ ಮಾತಿನಿಂದ ಕಾಕಾ ಕದಲಲಿಲ್ಲ. ತನ್ನ ಮದುವೆಯ ದಿನವೂ ಅಂಗಡಿ ತೆರೆದಿತ್ತು, ಬೀಗರಿಗೆ ಚಾ ಇಲ್ಲಿಂದಲೇ ಹೋಗಿತ್ತು ಎನ್ನುತ್ತಿದ್ದ. ಕಾಕಿ ಮಾತು ನಿಲ್ಲಿಸಿದಳು. ಜಗಳ ಇಲ್ಲ, ಅಳು ಇಲ್ಲ, ಕಣ್ಣು ಮಾತ್ರ ಕ್ಯಾಲೆಂಡರಿನ ಮೇಲೆ.

ಒಂದು ಸಂತಿಯ ದಿನ ಅಂಗಡಿ ತುಂಬ ಮಂದಿ. ಅಜ್ಜ ಮೊದಲ ಗುಟುಕು ಕುಡಿದು, ಕಣ್ಣು ಮುಚ್ಚಿ, ಮೆಲ್ಲಗೆ ಕೇಳಿದ, "ಲಂಕಾ ಬಂತೇನಲೇ?"

ಇಡೀ ಪಾತೇಲಿ ಚಾ ಉಪ್ಪು. ಕಣ್ಣು ಸಮುದ್ರದ ಮೇಲಿತ್ತು, ಸಕ್ಕರೆ ಎಂದು ಕೈತಪ್ಪಿ ಬಿತ್ತು ಎಂದಳು ಕಾಕಿ. ಮುಂದಿನ ಸಂತಿಗೂ ಕೈತಪ್ಪಿತು. ಗಿರಾಕಿಗಳು ಎದುರಿನ ಅಂಗಡಿಯತ್ತ ಸರಿಯತೊಡಗಿದಾಗ ಕಾಕಾ ಸೋತ. ಲಂಕಾ ಆಗುವುದಿಲ್ಲ, ಕಾರವಾರಕ್ಕೆ ಹೋಗೋಣ ಎಂದ. "ಅಲ್ಲೂ ಸಮುದ್ರ ಐತಿ, ಗುಡ್ಡದ ಮ್ಯಾಲ ಬಿದ್ದ ಕ್ವಾಟಿ ಗ್ವಾಡಿ ಐತಿ, ಬಿಸಿಲೂ ಐತಿ. ಮಂಗ್ಯಾ ಬೇಕಂದ್ರ ಇವನ್ನ ಕರಕೊಂಡ ಹೋಗೂಣು."

ಅಂಗಡಿಯ ಕೀಲಿಯನ್ನು ಅಜ್ಜನ ಕೈಗೆ ಕೊಟ್ಟು ನಾವು ಮೂವರು ಹೊರಟೆವು. ಹುಬ್ಬಳ್ಳಿಯಿಂದ ಬಸ್ಸು ಕಲಘಟಗಿ, ಯಲ್ಲಾಪುರ ದಾಟಿ ಘಟ್ಟ ಇಳಿಯಿತು. ಕಾಕಿ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ತುಣುಕೂ ತಿನ್ನದೆ, ಕಿಟಕಿಯ ಹೊರಗೇ ನೋಡುತ್ತಿದ್ದಳು. ಕಾರವಾರದಲ್ಲಿ ಇಳಿದಾಗ ಸಮುದ್ರ ಕಾಣುವ ಮೊದಲೇ ಕೇಳಿಸಿತು. ಆಮೇಲೆ ಗಿಡಗಳ ನಡುವೆ ಒಮ್ಮೆಲೇ ನೀಲಿ.

ಕಾಕಿ ನಿರಿಗೆ ಎತ್ತಿ ಹಿಡಿದು ನೀರಿಗಿಳಿದಳು. ಅಲೆಯೊಂದು ಬಂದು ಕಾಲ ಕೆಳಗಿನ ಉಸುಕನ್ನು ಎಳೆದುಕೊಂಡು ಹೋದಾಗ ಸಣ್ಣ ಹುಡುಗಿಯಂತೆ ನಕ್ಕಳು. ನಮ್ಮನ್ನು ಮರೆತೇ ನಿಂತಿದ್ದಳು. ನನ್ನಂಥವನಿಗೂ ಚೇಷ್ಟೆ ಮಾಡುವ ಮನಸ್ಸಾಗಲಿಲ್ಲ.

ಕೊನೆಗೆ ಬಗ್ಗಿ ಬೊಗಸೆ ನೀರು ತೆಗೆದು ತುಟಿಗೆ ಹಚ್ಚಿಕೊಂಡಳು. ಧೋತರ ಎತ್ತಿ ಹಿಡಿದು ದಂಡೆಯಲ್ಲಿ ನಿಂತಿದ್ದ ಕಾಕಾನ ಬಾಯಿಗೂ ಹಿಡಿದಳು. ಅವನು ಥೂ ಎಂದು ಉಗುಳಿದ. ಕಾಕಿ ನಾಲಿಗೆ ಚಪ್ಪರಿಸಿ, ಸಮುದ್ರವನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದಳು.

"ಇವ್ರು ಭಾಳ ಹಾಕ್ಯಾರ್ರಿ," ಎಂದಳು. "ನಾ ಅಳತಿ ನೋಡಿ ಹಾಕಿದ್ದೆ."