ಬೀಗಿತ್ತಿ ಮನೆಯ ನೀರು

ನಿಜವಾಗಿ ನಡೆದದ್ದು ಇಷ್ಟೇ: ಬೀಗಿತ್ತಿ ಸೆಲ್ವಮ್ಮನ ಮನೆಯಲ್ಲಿ ನಾನು ಅಷ್ಟು ವರ್ಷ ಒಂದು ದಿನವೂ ನೀರು ಕುಡಿಯಲಿಲ್ಲ, ಯಾಕೆಂದರೆ ನನಗೆ ಅಲ್ಲಿನ ಕಕ್ಕಸಿನ ಭಯ. ಇದರಲ್ಲಿ ಸಂಸ್ಕೃತಿ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಮೊಮ್ಮಗಳು ಶಾಂತಿಗೆ ಗೊತ್ತು. ಅವಳು ಪುಸ್ತಕ ಬರೆದಿದ್ದಾಳೆ.

ನನ್ನ ಮಗ ಉರಿಗಾಂನ ಗಣಿ ಕೆಲಸದವರ ಮನೆಯ ತಮಿಳು ಹುಡುಗಿಯನ್ನು ಮೆಚ್ಚಿ ಮದುವೆಯಾದ. ಶಾಂತಿ ಅವರ ಮಗಳು. ಸ್ಕೂಲಿದ್ದಾಗ ಉರಿಗಾಂನಲ್ಲಿ ಪಾಟಿ, ಅಂದರೆ ತಾಯಿಯ ತಾಯಿ ಸೆಲ್ವಮ್ಮನ ಹತ್ತಿರ, ರಜೆಯಲ್ಲಿ ಬೂದಿಕೋಟೆಯಲ್ಲಿ ನನ್ನ ಹತ್ತಿರ ಬೆಳೆದಳು. ಹಾಗೆ ಎರಡು ಕಡೆ ಬೆಳೆದ ಕಥೆಯೇ ಪುಸ್ತಕ. ಅಚ್ಚಿಗೆ ಕೊಡುವ ಮೊದಲು ನನಗೆ ಓದಿ ಹೇಳಲು ಬಂದಿದ್ದಳು. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಒಂದು ಸಾಲು ಮುಗಿಸುವುದರೊಳಗೆ ಒಲೆಯ ಮೇಲಿನ ಸಾರು ಸೀದುಹೋಗುತ್ತದೆ. ಆದ್ದರಿಂದ ಅವಳು ಓದಿದಳು, ನಾನು ಅವರೆಕಾಯಿ ಬಿಡಿಸುತ್ತಾ ಕೇಳಿದೆ.

ಆ ಪುಸ್ತಕದಲ್ಲಿ ಯಾವುದೂ ಅದೇ ಆಗಿರುವುದಿಲ್ಲ, ಎಲ್ಲವೂ ಇನ್ನೊಂದರ ಹಾಗೆ ಇರುತ್ತದೆ. ಅವಳ ಬಾಲ್ಯ ಎರಡು ದಡಗಳ ನಡುವಿನ ನದಿಯಂತೆ. ನಮ್ಮ ಕಡೆ ನದಿ ಎಲ್ಲಿದೆ? ಪಾಲಾರಿನಲ್ಲಿ ನಾನು ಕಂಡದ್ದು ಮರಳೇ ಹೆಚ್ಚು. ಬಂಗಾರಪೇಟೆ ರೈಲು ಎರಡು ಮನೆಗಳನ್ನು ಹೊಲಿಯುವ ಸೂಜಿಯಂತೆ. ಆ ಸೂಜಿಯೊಳಗೆ ಕೂರಲು ಜಾಗವಿಲ್ಲದೆ ಇವಳ ಮೂಗು ಒರೆಸುತ್ತಾ ನಿಂತವಳು ನಾನು. ಪಾಟಿ ಕನಕಾಂಬರದ ದಂಡೆಯಂತೆ, ನಾನು ಮುಳ್ಳುಬೇಲಿಯಂತೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. "ಬೇಲಿ ಇಲ್ದಿದ್ರೆ ದನ ನುಗ್ತವೆ ಕಣಮ್ಮಿ, ಅದನ್ನೂ ಬರಿ" ಎಂದೆ.

ಆಮೇಲೆ ಪುಸ್ತಕದಲ್ಲಿ ಚೊಂಬು ಬಂತು. ನಾನು ತಿಂಗಳಿಗೊಮ್ಮೆ ಉರಿಗಾಂಗೆ ಹೋದಾಗ ಸೆಲ್ವಮ್ಮ ತಂದಿಡುತ್ತಿದ್ದ ಹಿತ್ತಾಳೆ ಚೊಂಬು. ನಾನು ಮುಟ್ಟದೆ ಬಿಟ್ಟ ಆ ನೀರು ಎರಡು ಸಂಸ್ಕೃತಿಗಳ ನಡುವೆ ನಿಂತ ಗಾಜಿನ ಗೋಡೆಯಂತೆ.

"ಗಾಜೂ ಇಲ್ಲ, ಗೋಡೆನೂ ಇಲ್ಲ. ಉಚ್ಚೆಗೆ ಎದ್ರಿ ಕುಡೀತಿರ್ಲಿಲ್ಲ" ಎಂದೆ.

ಶಾಂತಿ ಕನ್ನಡಕ ತೆಗೆದಳು.

ಆಗ ಗಣಿ ಕೆಲಸದವರ ಆ ಲೈನ್ ಮನೆಗಳಿಗೆಲ್ಲ ಸೇರಿ ಬೀದಿಯ ಕೊನೆಯಲ್ಲಿ ಒಂದೇ ಕಡೆ ಕಕ್ಕಸು. ಆರು ಬಾಗಿಲು, ಚಿಲಕ ಇದ್ದದ್ದು ಎರಡಕ್ಕೆ. ಹೆಂಗಸರು ಡಬ್ಬ ಹಿಡಿದು ಸಾಲು ನಿಂತು, ನನ್ನನ್ನು ಕಂಡರೆ ಮಳೆ, ಬೆಳೆ, ಸೊಸೆಯ ಬಸಿರು ಎಲ್ಲ ವಿಚಾರಿಸುತ್ತಿದ್ದರು. ನಮ್ಮೂರಲ್ಲಿ ಆ ಕೆಲಸಕ್ಕೆ ಹೊರಟವರನ್ನು ಯಾರೂ ಮಾತಾಡಿಸುವುದಿಲ್ಲ. ಒಮ್ಮೆ ನಿಂತೆ. ಎಲ್ಲರಿಗೂ ಉತ್ತರ ಕೊಟ್ಟು, ಬಂದ ಕೆಲಸ ಮಾಡದೆ ವಾಪಸಾದೆ. ಅಂದಿನಿಂದ ಅಲ್ಲಿಗೆ ಹೋಗುವ ದಿನ ನೀರು ಬಿಟ್ಟೆ. ಉಂಡರೆ ನೀರು ಬೇಕಾಗುತ್ತದೆಂದು ಊಟಕ್ಕೆ ಮೊದಲೇ ಎದ್ದು ಹೊರಡುತ್ತಿದ್ದೆ.

"ಅಜ್ಜಿ, ಮೊನ್ನೆ ಪಾಟಿಗೂ ಇದನ್ನ ಓದ್ದೆ. ಅತ್ಬಿಟ್ರು. 'ನಮ್ ಜಾತಿ ನೀರು ಅವ್ರಿಗೆ ಇಳೀಲಿಲ್ಲ, ನಂಗೆ ಅವಾಗ್ಲೇ ತೆರಿಯುಂ, ಗೊತ್ತಿತ್ತು' ಅಂದ್ರು."

ಅವರೆಕಾಯಿ ಬದಿಗಿಟ್ಟೆ. ಜಾತಿ ಕೇಳಿ ನೀರು ಕುಡಿಯುವವರು ನಮ್ಮ ಬೀದಿಯಲ್ಲಿದ್ದಾರೆ. ಸೆಲ್ವಮ್ಮ ನನ್ನನ್ನೂ ಅವರ ಜೊತೆ ಸೇರಿಸಿರಬಹುದೆಂಬ ಅನುಮಾನ ನನಗೆ ಆಗಲೇ ಇತ್ತು. ಆದರೂ ಬಾಯಿ ಬಿಡಲಿಲ್ಲ. ಕಕ್ಕಸಿಗೆ ಹೆದರುವವಳು ಎನ್ನಿಸಿಕೊಳ್ಳುವುದಕ್ಕಿಂತ ಜಂಬದವಳು ಎನ್ನಿಸಿಕೊಳ್ಳುವುದೇ ಮರ್ಯಾದೆ ಎಂದುಕೊಂಡಿದ್ದೆ. ನನ್ನ ಮರ್ಯಾದೆ ಅಂಥದ್ದು. ಆಮೇಲೆ ಅವರು ಮನೆಯೊಳಗೇ ಕಕ್ಕಸು ಕಟ್ಟಿಸಿದರು. ಅಷ್ಟರಲ್ಲಿ ಅವಳು ಚೊಂಬು ತಂದಿಡುವುದನ್ನೇ ಬಿಟ್ಟಿದ್ದಳು.

"ಕಕ್ಕಸು ಅಂತ ಬರೆದ್ರೆ ಆ ಅಧ್ಯಾಯವೇ ಬಿದ್ದೋಗುತ್ತೆ ಅಜ್ಜಿ."

"ಬೀಳ್ಲಿ ಬಿಡು. ಗೋಡೆ ತಾನೆ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಂಗಾರಪೇಟೆಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಉರಿಗಾಂಗೆ ಹೋದೆ. ಸೆಲ್ವಮ್ಮ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. "ವಾಂಗ ಸಮ್ಮಂದಿ, ಬನ್ನಿ" ಎಂದಳು, ಏಳಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ. ಅವಳು ನಗಲಿಲ್ಲ.

"ಇಷ್ಟ್ ವರ್ಷ ನಿಮ್ಗೆ ಬಾಯಿ ಇರ್ಲಿಲ್ವಾ?"

"ಇತ್ತು. ಪೊಗರೂ ಇತ್ತು. ಒಂದ್ ಚೊಂಬು ನೀರ್ ಕೊಡಿ ಸೆಲ್ವಮ್ಮ."

"ಕೊಟ್ಟು ಕೊಟ್ಟು ನಂಗೆ ಸಾಕಾಯ್ತು. ಒಳಗಡೆ ಐತೆ, ನೀವೇ ಎತ್ಕೊಂಡು ಕುಡೀರಿ."

ಅವಳ ಅಡುಗೆಮನೆಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಕೊಡದಿಂದ ಬಗ್ಗಿಸಿಕೊಂಡು ನಿಂತೇ ಎರಡು ಚೊಂಬು ಕುಡಿದೆ. ಮೂರನೆಯದಕ್ಕೆ ಕೊಡ ಬಗ್ಗಿಸುವಾಗ ಅವಳು ಹಿಂದಿನಿಂದ ಬಂದು ಚೊಂಬು ಕಿತ್ತುಕೊಂಡಳು.

"ಸಾಕು. ವಾಪಸ್ ಬಸ್ಸಲ್ಲಿ ಓಗ್ಬೇಕು ನೀವು."