ಪೋರ್ಚುಗಲ್ಲಿನ ಗಾಳಿ

ಸಿರಿವಂತ ದೇಶಗಳ ತುಲನಾ ಅಂಕಿಅಂಶ ವಿಭಾಗ, ಕನ್ನಡ ಕೋಶ
ಬಾಡಿಗೆ ಕಟ್ಟಡ, ಎರಡನೇ ಮಹಡಿ, ಘಾಜಿಯಾಬಾದ್

ಸಂಖ್ಯೆ: ಸಿದೇ/ಗಾಳಿ/20/2006
ದಿನಾಂಕ: 14-06-2006

ಸುತ್ತೋಲೆ

ವಿಷಯ: ಕರೆಂಟು ಹೋದಾಗ ಸಿಬ್ಬಂದಿಯು ಪೋರ್ಚುಗಲ್ಲಿಗೆ ಗುಳೆ ಹೋಗುವುದನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ: 1) ಅಂಕಿಅಂಶ ಸಹಾಯಕರಾದ ಶ್ರೀ ಚಂದ್ರಪ್ಪ ಇವರು ದೇಶ ಬದಲಾವಣೆ ಕೋರಿ ಆರು ವರ್ಷಗಳಲ್ಲಿ ಸಲ್ಲಿಸಿದ ಆರು ಮನವಿಗಳು.
2) ಆ ಆರನ್ನೂ ಹಿಂಪಡೆಯಲು ಸದರಿಯವರು ನಿನ್ನೆ ಸಲ್ಲಿಸಿದ ಏಳನೇ ಮನವಿ.

ಈ ವಿಭಾಗದ ಇಪ್ಪತ್ತು ಸಿಬ್ಬಂದಿಗೆ ಒಂದೊಂದು ಸಿರಿವಂತ ದೇಶವನ್ನು ವಹಿಸಿದ್ದು, ತಲಾ ಆದಾಯದ ಪಟ್ಟಿಯಲ್ಲಿರುವ ಕ್ರಮದಲ್ಲಿಯೇ ಮೇಜುಗಳನ್ನೂ ಹಾಕಲಾಗಿದೆ. ಲಕ್ಸೆಂಬರ್ಗಿನ ಶ್ರೀ ಮುರಳೀಧರ ಕೂಲರಿನ ಎದುರಿಗೆ. ಪೋರ್ಚುಗಲ್ಲಿನ ಶ್ರೀ ಚಂದ್ರಪ್ಪ ಕಟ್ಟಕಡೆಗೆ, ಮುರಿದ ಕಿಟಕಿಯ ಪಕ್ಕ. ಆರು ಬೇಸಿಗೆ ಬೆವರು ಒರೆಸಿಕೊಂಡ ಚಂದ್ರಪ್ಪನವರಿಗೆ ಹೊಟ್ಟೆ ಉರಿದದ್ದು ಸಹಜವೆಂದು ಕಚೇರಿಯು ಒಪ್ಪುತ್ತದೆ. ಆದರೆ ಈ ತಿಂಗಳು ದಿನಕ್ಕೆ ಐದು ಗಂಟೆ ಕರೆಂಟು ಹೋಗುತ್ತಿರುವುದರಿಂದ ಕೂಲರು ನಿಂತು, ಗಾಳಿಯು ಪೋರ್ಚುಗಲ್ಲಿನಲ್ಲಿ ಮಾತ್ರ ಲಭ್ಯವಿದೆ. ಉಳಿದ ಹತ್ತೊಂಬತ್ತು ದೇಶಗಳೂ ಅಲ್ಲಿಗೆ ನುಗ್ಗುತ್ತಿವೆ. ಆದಕಾರಣ ಈ ಮೂಲಕ ಸೂಚಿಸುವುದೇನೆಂದರೆ:

1. ಕರೆಂಟು ಹೋದಾಗ ಯಾರೂ ಅನುಮತಿಯಿಲ್ಲದೆ ಸ್ವಂತ ದೇಶ ಬಿಟ್ಟು ಕದಲತಕ್ಕದ್ದಲ್ಲ. ಜಪಾನ್ ತನ್ನ ಕುರ್ಚಿಯನ್ನು ದಿನಕ್ಕಿಷ್ಟಿಷ್ಟು ಜರುಗಿಸುತ್ತಾ ಬಂದಿರುವುದು ನೆಲದ ಗೀರುಗಳಿಂದ ದೃಢಪಟ್ಟಿದೆ.

2. ನಿನ್ನೆ ಶ್ರೀ ಮುರಳೀಧರ “ಸ್ವಲ್ಪ ಸರ್ಕೊಳ್ಳಿ ಚಂದ್ರಪ್ಪನೋರೆ, ಜೀವ ಹೋಗ್ತಿದೆ” ಎಂದಾಗ, ಶ್ರೀ ಚಂದ್ರಪ್ಪ “ಅಚ್ಛಾ! ವೀಸಾ ಇದ್ಯಾ ಸಾರ್?” ಎಂದು ಬಾಯಿಮಾತಿನಲ್ಲಿ ಕೇಳಿರುವುದು ನಿಯಮಬಾಹಿರ. ಇನ್ನು ಮುಂದೆ ಲಿಖಿತವಾಗಿ ಕೇಳತಕ್ಕದ್ದು.

3. ವೀಸಾ ಅವಧಿ ಹತ್ತು ನಿಮಿಷ. ಊಟದ ಡಬ್ಬಿಗೆ ಪ್ರತ್ಯೇಕ ವೀಸಾ. ಅವಧಿ ಮೀರಿ ನಿದ್ರಿಸುವವರನ್ನು ಸ್ವಿಟ್ಜರ್ಲೆಂಡಿನ ಕುಮಾರಿ ಹಂಸಾ ಗಡಿಯಾರ ನೋಡಿ ಎಬ್ಬಿಸತಕ್ಕದ್ದು.

4. ತುಲನಾ ಕೋಷ್ಟಕಕ್ಕೆ ‘ತಲಾ ಗಾಳಿ’ ಎಂಬ ಕಾಲಂ ಸೇರಿಸಿ, ಪೋರ್ಚುಗಲ್ಲನ್ನು ಮೊದಲ ಸ್ಥಾನಕ್ಕೇರಿಸಿದ ಶ್ರೀ ಚಂದ್ರಪ್ಪನವರ ಕೆಲಸವನ್ನು ತಿರಸ್ಕರಿಸಲಾಗಿದೆ. ಲೆಕ್ಕ ಸರಿಯಿದೆ. ಕಾರಣ ಕೇಳತಕ್ಕದ್ದಲ್ಲ.

5. ಉಲ್ಲೇಖ (1)ರ ಮನವಿಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ, ಶ್ರೀ ಚಂದ್ರಪ್ಪನವರನ್ನು ನಾಳೆಯಿಂದಲೇ ಲಕ್ಸೆಂಬರ್ಗಿಗೆ ವರ್ಗಾಯಿಸಲಾಗಿದೆ. ಏಳನೆಯದನ್ನು ಸರದಿಯಂತೆ ಆರು ವರ್ಷಗಳ ನಂತರ ಪರಿಶೀಲಿಸಲಾಗುವುದು.

6. ಶ್ರೀ ಮುರಳೀಧರ ಅವರಿಗೆ ಬೇರೆ ದೇಶ ತೋರಿಸುವವರೆಗೆ ಅವರು ಕಾರಿಡಾರಿನ ನೀರಿನ ಡ್ರಮ್ಮಿನ ಪಕ್ಕ ಕೂರತಕ್ಕದ್ದು. ಆ ಜಾಗವನ್ನು ಅಂತಾರಾಷ್ಟ್ರೀಯ ಸಮುದ್ರವೆಂದು ಘೋಷಿಸಲಾಗಿದೆ.

7. ತೆರವಾದ ಪೋರ್ಚುಗಲ್ಲನ್ನು, ಆಡಳಿತದ ಹಿತದೃಷ್ಟಿಯಿಂದ, ಕೆಳಗೆ ಸಹಿ ಮಾಡಿರುವವರೇ ಹೆಚ್ಚುವರಿ ಪ್ರಭಾರದಲ್ಲಿ ನೋಡಿಕೊಳ್ಳುವರು.

ಸಹಿ/-
ವೈಜಯಂತಿ
ವಿಭಾಗಾಧಿಕಾರಿ ಹಾಗೂ ಪ್ರಭಾರ ಪೋರ್ಚುಗಲ್

ಪ್ರತಿಗಳು:
1. ಹದಿನೆಂಟು ದೇಶಗಳಿಗೆ.
2. ಶ್ರೀ ಮುರಳೀಧರ, ಸಮುದ್ರ.
3. ಸೂಚನಾ ಫಲಕಕ್ಕೆ (ಕಿಟಕಿಗೆ ಅಡ್ಡ ಬಾರದಂತೆ).
4. ಶ್ರೀ ಚಂದ್ರಪ್ಪ, ಲಕ್ಸೆಂಬರ್ಗ್: ಮಾಹಿತಿಗಾಗಿ. ಇವರ ಪ್ರತಿಯನ್ನು ದಪ್ಪ ರಟ್ಟಿನ ಮೇಲೆ ಅಂಟಿಸಲಾಗಿದೆ, ಬೀಸಿಕೊಳ್ಳಬಹುದು.