ಪೂಜಿ ಹೊಲ ಮತ್ತು ಟಿಕೀಟಿನ ಮೂವರು

ಮಂದಿ ಮನಸಿನ್ಯಾಗ ಏನೈತಿ ಅಂತ ಕೇಳಾಕ ಹೋದಾಂವ ಮರ್ಯಾದಿ ಉಳಿಸ್ಕೊಂಡು ಮನಿಗೆ ಬಂದದ್ದು ನಾನಂತೂ ಕಂಡಿಲ್ಲ. ನನಗ ಹೋದಲ್ಲೆಲ್ಲಾ ಒಂದಲ್ಲ ಒಂದು ಪಜೀತಿ. ಅದರ ಮ್ಯಾಲೆ ಅಂಜಿಕಿ ಬ್ಯಾರೆ.

ಆವಾಗ ನಮ್ಮೂರು ಲಕ್ಷ್ಮೇಶ್ವರವನ್ನ ಆಳತಿದ್ದ ಸಂಸ್ಥಾನ ಸರಕಾರದಾಗ ಕೂಡಿತ್ತು, ಮೊದಲನೇ ಚುನಾವಣಿ ಬಾಗಿಲಿಗೆ ಬಂದಿತ್ತು. ನಾನು ಗದಗಿನ್ಯಾಗ ಪಕ್ಷದ ಕಚೇರಿ ಗುಮಾಸ್ತ. ಒಂದು ಟಿಕೀಟಿಗೆ ಮೂರು ಮಂದಿ ಗಂಟುಬಿದ್ದಿದ್ರು: ಒಬ್ರು ವಕೀಲರು, ಒಬ್ರು ಹತ್ತಿ ಸಾಹುಕಾರರು, ಇನ್ನೊಬ್ರು ಜೇಲಿಗೆ ಹೋಗಿ ಬಂದ ಭಾಷಣದವ್ರು. ಈ ಭಾಷಣದವ್ರು ಬಾಯಿ ತಗದ್ರ ಸಾಕು, ‘ಉಳಾಂವಗ ಭೂಮಿ’ ಅಂತಿದ್ರು.

ಅಧ್ಯಕ್ಷರು ನನ್ನ ಕರದು, “ಹಳ್ಳಿ ತಿರುಗಿ ಬಾ. ಈ ಮೂವರ ವಿಚಾರ ಎಂಥಾವು ಅಂತ ಮಂದಿ ತಿಳಕೊಂಡಾರ, ಕೇಳಿ ಬಾ. ನಿನ್ನ ಮಾತಿನ ಮ್ಯಾಲೆ ಟಿಕೀಟು” ಅಂದ್ರು. ನನಗ ಈ ಕೆಲಸ ಬ್ಯಾಡಾಗಿತ್ತು. ಯಾಕಂದ್ರ ಸಂಸ್ಥಾನದವ್ರು ನಮ್ಮಜ್ಜಗ ಗುಡಿ ಪೂಜಿಗಂತ ಕೊಟ್ಟ ಹೊಲದ ಮ್ಯಾಲೆ ನಮ್ಮನಿ ಒಲಿ ಉರೀತಿತ್ತು. ಅದನ್ನ ಉಳತಿದ್ದಾಂವ ಪಾಲಿನ ರೈತ, ನಾವಲ್ಲ. ನಮ್ಮವ್ವ ಬುತ್ತಿ ಕಟ್ಟಿಕೊಟ್ಟು, “ಮಂದಿ ವಿಚಾರ ಆಮ್ಯಾಲೆ ಕೇಳು. ನಮ್ಮ ಹೊಲ ಕಸಗೊಳ್ಳದಾಂವ ಯಾಂವ, ಮೊದಲ ಅದನ್ನ ತಿಳಕೋ” ಅಂದ್ಲು.

ಬದು ದಾಟೂ ರೀತಿ

ಅಂತೂರ ಬೆಂತೂರದಾಗ ಒಬ್ಬ ಹಿರೇಮನಶಾ ಹೊಲದಾಗ ಕಳೆ ತಗೀತಿದ್ದ. “ಯಜ್ಜಾ, ಮೂವರೂ ಬಂದಿದ್ರಲ್ಲ, ಭಾಷಣ ಕೇಳಿದ್ರೇನು?” ಅಂದೆ.

“ಭಾಷಣ ಯಾಂವ ಕೇಳ್ತಾನ? ಬದು ಹೆಂಗ ದಾಟ್ತಾರ, ಅದನ್ನ ನೋಡಿದ್ವಿ” ಅಂದ.

ವಕೀಲರು ಬದು ಸುತ್ತು ಹಾಕ್ಕೊಂಡು ಹೋದ್ರಂತ. ಅಂದ್ರ ಇದ್ದದ್ದು ಇದ್ದಂಗ ಇರಲಿ ಅನ್ನಾಂವ. ಭಾಷಣದವ್ರು ಬದು ತುಳಕೋತನ ಹೋದ್ರಂತ. ಅಂದ್ರ ಬದು ಅಳಿಸಿ ಎಲ್ಲಾರ ಹೊಲ ಒಂದ ಮಾಡಾಂವ. ನಮ್ಮ ಹೊಲ ಹೋತು ಅನಕೊಂಡೆ. “ಮತ್ತ ಸಾಹುಕಾರರು?” ಅಂದೆ.

“ಅವ್ರು ಬದುವಿನ ಮ್ಯಾಲ ನಿಂತು ಎರಡೂ ಕಡೆ ಹತ್ತಿ ಹೆಂಗೈತಿ ನೋಡಿದ್ರು. ಹೊಲ ಯಾರದರ ಆಗಲಿ, ಹತ್ತಿ ಅವರ ಅಂಗಡಿಗೆ ಬಂದ್ರ ಆತು.” ಹಂಗ ಅಂದು ಅಜ್ಜ ಕುರಪಿ ಎತ್ತಿ ನನ್ನ ಕಾಲಿಗೆ ತೋರಿಸಿದ. “ನಿನ್ನ ವಿಚಾರನೂ ತಿಳೀತು. ಇಳಿಯೋ ನನ್ನ ಬದುವಿನ ಮ್ಯಾಲಿಂದ!”

ಹೊಳಿ ಆಚಿ ಬೀಗರು

ವಕೀಲರದು ಏಕೀಕರಣದ ಹುಚ್ಚು. ಹೊಳಿ ಈಚಿ ಮುಂಬಯಿ ಪ್ರಾಂತ, ಆಚಿ ಮದ್ರಾಸ ಪ್ರಾಂತ, ಕನ್ನಡ ಮಂದಿಯೆಲ್ಲ ಒಂದ ರಾಜ್ಯದಾಗ ಇರಬೇಕು ಅಂತಿದ್ರು. ಇದರಾಗ ಅಂಜೂದೇನೈತಿ ಅಂತ ನಾ ನಿಶ್ಚಿಂತಿಲೆ ಹಮ್ಮಿಗಿಗೆ ಹೋದೆ.

ಹೊಳಿ ದಂಡಿ ಮನಿ ಯಜಮಾನ ವಕೀಲರ ಹೆಸರು ಕೇಳಿದ ಕೂಡಲೇ ಬೆವತ. “ಅವನೌನ, ಭಾಳ ಡೇಂಜರ್ ಮನಶಾ!” ಅಂದ.

“ಯಾಕ್ರೀ? ನಿಮಗ ಕನ್ನಡ ರಾಜ್ಯ ಬ್ಯಾಡೇನು?”

“ಬೇಕ್ರಿ, ಖರೆ. ಆದ್ರ ನನ್ನ ಬೀಗರು ಆಚಿ ದಂಡ್ಯಾಗದಾರ. ಈಗ ‘ಪ್ರಾಂತ ಬ್ಯಾರೆ ಐತಿ, ಹೋಗೂದು ಬರೂದು ತ್ರಾಸ’ ಅಂತ ಎರಡೂ ಕಡೆ ಸುಮ್ಮಕ ಅದೀವಿ. ನಾಳೆ ಒಂದಾತಂದ್ರ ಯಾವ ನೆವಾ ಹೇಳ್ಲಿ? ಅವ್ರು ಬಂದು ಕುಂತ್ರ ಎದ್ದು ಹೋಗೂ ಮಂದಿ ಅಲ್ರೀ!”

ತಣ್ಣೀರಿನ ಭಯ

ಇಷ್ಟಾದ ಮ್ಯಾಲೆ ನಮ್ಮ ಹೊಲದ ರೈತನ್ನ ಕೇಳದೆ ಗತಿ ಇರಲಿಲ್ಲ. ಶಿರಹಟ್ಟಿ ದಾರ್ಯಾಗ ಅವನ ಗುಡಸಲು. ‘ಹೌದ್ರೀ, ಹೊಲ ನನಗ ಬೇಕು’ ಅಂದುಬಿಟ್ರ ಅವ್ವಗ ಏನು ಮಾರಿ ತೋರಸ್ಲಿ ಅಂತ ನನಗ ದಾರಿ ತುಂಬಾ ಅದ ಚಿಂತಿ.

“ಭಾಷಣದವ್ರು ಆರಿಸಿ ಬಂದ್ರ ನಿಂದ ನಸೀಬಪಾ” ಅಂತ ನಗಸ್ಯಾಡಿದಂಗ ಮಾಡಿದೆ. ಆಂವ ನನ್ನ ಕಾಲಿಗೇ ಬಿದ್ದ.

“ಯಪ್ಪಾ, ಹೆಂಗರ ಮಾಡಿ ಅವ್ರನ್ನ ತಪ್ಪಸ್ರಿ! ಅದು ಪೂಜಿ ಹೊಲ. ಹೊಲ ಯಾಂವಂದೋ ಪೂಜಿ ಅವಂದ. ನಸಿಕಿನ್ಯಾಗ ತಣ್ಣೀರು ಹೊಯ್ಕೊಂಡು ಮಡೀಲೆ ಗಂಟಿ ಬಾರಸೂದು ನನ್ನ ಕೈಲೆ ಆಗೂದಿಲ್ರೀ. ನಾ ಯುಗಾದಿಗೂ ಬಿಸಿನೀರ ಕೇಳಾಂವ!”

ಭಾಷಣದವ್ರು ಮನಿಗೆ ಬಂದ್ರು

ಸಮಾಧಾನ ಆತು ಅನ್ನೂದ್ರಾಗ ಒಂದಿನ ಮಧ್ಯಾಹ್ನ ಭಾಷಣದವ್ರು ಲಕ್ಷ್ಮೇಶ್ವರದ ನಮ್ಮನಿಗೇ ಬಂದುಬಿಟ್ರು. ಅವ್ವ ಕಿಡಕ್ಯಾಗ ನೋಡಿದಾಕಿನ, “ಬಂದನೋ, ಜಪ್ತಿಗೆ ಬಂದ!” ಅಂತ ದೇವರ ಬೆಳ್ಳಿ ಮುಖಾ ಜ್ವಾಳದ ಕಣಜದಾಗ ಹುಗದು, ಬೆಲ್ಲ ನೀರು ತಂದಿಟ್ಟು ಬಾಗಿಲ ಹಿಂದ ನಿಂತ್ಲು.

ಅವ್ರು ಬಗ್ಗಿ ಪಿಸುಗುಟ್ಟಿದ್ರು. “ನಾಕು ಊರು ತಿರುಗಿ ಬಂದೀಯಂತ. ನಾ ಆರಿಸಿ ಬಂದ್ರ ಖರೇನ ಹೊಲ ಹೋಗ್ತಾವೇನೋ?”

“ನೀವ ಹೇಳಬೇಕಲ್ರೀ! ಭಾಷಣ ನಿಮ್ದು!”

“ಭಾಷಣ ಮಾಡೂ ಮುಂದ ಮಂದಿ ಚಪ್ಪಾಳಿ ಹೊಡದ್ರು, ನಾನೂ ಜೋರು ಮಾಡಿದೆ. ಮುಂಡರಗಿ ಕಡೆ ನಮ್ಮಪ್ಪಂದು ಗುಡಿ ಹೊಲ ಐತೋ ಮಾರಾಯಾ. ಪಾಲಿಗೆ ಹಾಕೀವಿ. ನನಗಂತೂ ನೇಗಿಲಾ ಹಿಡ್ಯಾಕ ಬರೂದಿಲ್ಲ. ಆ ಹೊಲ ಹೋತಂದ್ರ ನಮ್ಮಪ್ಪ ನನ್ನ ಮನಿಯಿಂದ ಹೊರಗ ಹಾಕ್ತಾನ. ನಿನಗ ಕೈ ಮುಗೀತೀನಿ, ವಕೀಲಗ ಟಿಕೀಟು ಸಿಗೂಹಂಗ ಹೇಳು.”

ನಾ ಬಾಯಿ ತಗಿಯೂದ್ರೊಳಗ ಬಾಗಿಲು ಧಡ್ಡನ ತಗೀತು. ಅವ್ವ ಸೊಂಟಕ್ಕ ಸೆರಗು ಬಿಗದು ಹೊರಗ ಬಂದ್ಲು.

“ಲೇ, ಜಲ್ದಿ ಗದಗಿಗೆ ಹೋಗೋ! ಟಿಕೀಟು ಇವಗ ಕೊಡಸು! ನಮ್ಮ ಹೊಲ ಇವನಕಿಂತ ಚಲೋ ಯಾಂವ ಕಾಯ್ತಾನ?”